ಡಾನ್ಜಿಗ್‌ನ 25 ಗುಲ್ಡನ್: ನಾನು ಪರೀಕ್ಷೆ ಮಾಡಿ ಕೊಂಡದ್ದು ಹೀಗೆ

ಡಾನ್ಜಿಗ್‌ನ ಚಿನ್ನದ ನಾಣ್ಯ ಕೊಳ್ಳಬೇಕು ಅಂದವರಿಗೆ ನಾನು ಮೊದಲು ಹೇಳೋದು, ಪಕ್ಕದಲ್ಲಿ ಒಂದು ಒಳ್ಳೆಯ ಬ್ರಿಟಿಷ್ ಸವರನ್, ಅಂದರೆ ಒಂದು ಪೌಂಡಿನ ಚಿನ್ನದ ನಾಣ್ಯ, ಇಟ್ಟುಕೊಳ್ಳಿ ಅಂತ. ಡಾನ್ಜಿಗ್ ಎಲ್ಲಿ, ಸವರನ್ ಎಲ್ಲಿ ಅನ್ನಿಸಬಹುದು. ನಂಟು ಗಟ್ಟಿಯಾಗೇ ಇದೆ.

ಡಾನ್ಜಿಗ್ ಅಂದರೆ ಈಗಿನ ಪೋಲೆಂಡಿನ ಗ್ಡಾನ್ಸ್ಕ್, ಬಾಲ್ಟಿಕ್ ಸಮುದ್ರದ ದೊಡ್ಡ ಬಂದರು. ಮೊದಲ ಮಹಾಯುದ್ಧ ಮುಗಿದ ಮೇಲೆ ವರ್ಸೈ ಒಪ್ಪಂದದ ಪ್ರಕಾರ ಅದನ್ನು ಜರ್ಮನಿಯಿಂದ ಬಿಡಿಸಿದರು. ಪೋಲೆಂಡಿಗೂ ಕೊಡಲಿಲ್ಲ. 1920ರ ನವೆಂಬರ್ 15ರಿಂದ ಅದು ಸ್ವತಂತ್ರ ನಗರ, ರಕ್ಷಣೆಯ ಹೊಣೆ ಆಗಿನ ದೇಶಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್‌ನದು. ತನ್ನದೇ ಸೆನೆಟ್, ತನ್ನದೇ ಅಂಚೆಚೀಟಿ ಇದ್ದವು, ಆದರೆ ಹಣ ಮಾತ್ರ ಜರ್ಮನ್ ಮಾರ್ಕೇ. 1923ರಲ್ಲಿ ಆ ಮಾರ್ಕಿನ ಬೆಲೆ ಪಾತಾಳಕ್ಕೆ ಇಳಿದಾಗ ಊರಿನ ವ್ಯಾಪಾರವೇ ನಿಂತುಹೋಗುವ ಹಾಗಾಯಿತು. ಆಗ ಅವರು ಗುಲ್ಡನ್ ಅನ್ನೋ ಹೊಸ ಹಣ ತಂದು, ಅದನ್ನು ನೇರವಾಗಿ ಬ್ರಿಟನ್ನಿನ ಪೌಂಡಿಗೆ ಕಟ್ಟಿದರು. 25 ಗುಲ್ಡನ್‌ಗೆ ಒಂದು ಪೌಂಡ್. ಹಾಗಾಗಿ 25 ಗುಲ್ಡನ್‌ನ ಚಿನ್ನದ ನಾಣ್ಯವನ್ನೂ ಸವರನ್ ಲೆಕ್ಕಕ್ಕೇ ಮಾಡಿದರು: ತೂಕ 7.988 ಗ್ರಾಂ, 22 ಕ್ಯಾರೆಟ್. ನಮ್ಮ ಮಂಗಳೂರು, ಉಡುಪಿ ಕಡೆ ಮದುವೆ ಮನೆಯಲ್ಲಿ ಎಷ್ಟು ಪವನ್ ಚಿನ್ನ ಅಂತ ಮಾತಾಡ್ತಾರಲ್ವಾ, ಹತ್ತಿರ ಹತ್ತಿರ ಅದೇ ಒಂದು ಪವನ್.

ಈ ನಾಣ್ಯ ಬಂದದ್ದು ಎರಡೇ ಇಸವಿಯಲ್ಲಿ. 1923ರದ್ದು 1,000, 1930ರದ್ದು 4,000. ಇಷ್ಟು ಕಡಿಮೆ ಇರೋದರಿಂದ ಚಿನ್ನದ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಡಬೇಕು, ಹಾಗಾಗಿ ಖೋಟಾ ಮಾಡೋರೂ ಇದ್ದಾರೆ. ನಾನು ಇರುವುದು ಜರ್ಮನಿಯಲ್ಲಿ, ಇಲ್ಲಿನ ಹರಾಜುಗಳಲ್ಲಿ ಡಾನ್ಜಿಗ್ ನಾಣ್ಯಗಳು ಆಗಾಗ ಬರುತ್ತವೆ. ನಾನು ಹುಡುಕಿದ್ದು 1930ರದ್ದು, ಅದೂ ಪರಿಣಿತರು ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿರದ ಬಿಡಿ ನಾಣ್ಯ. ಸೀಲ್ ಆದದ್ದು ಹೆಚ್ಚು ಭದ್ರ ಅಂತಾರೆ, ನಿಜವೂ ಹೌದು. ಆದರೆ ಅದನ್ನು ತೂಗೋಕೆ ಆಗಲ್ಲ, ನೀರಿಗೆ ಇಳಿಸೋಕೂ ಆಗಲ್ಲ. ನನಗೆ ನಾನೇ ಅಳೆದು ನೋಡಬೇಕಿತ್ತು. ಖೋಟಾ ಅಂತ ಗೊತ್ತಾದರೆ ಹಣ ವಾಪಸ್ ಕೊಡುತ್ತೇವೆ ಅಂತ ಹರಾಜಿನವರಿಂದ ಮೊದಲೇ ಬರಹದಲ್ಲಿ ಪಡೆದುಕೊಂಡೆ. ಕೂಗಿದ ಬೆಲೆಯ ಮೇಲೆ ಅವರ ಕಮಿಷನ್ ಬೇರೆ ಬೀಳುತ್ತದೆ, ಅದನ್ನು ಸೇರಿಸಿಯೇ ನನ್ನ ಮಿತಿ ಬರೆದಿಟ್ಟುಕೊಂಡಿದ್ದೆ.

ನಾಣ್ಯ ಕೈಗೆ ಬಂದ ಮೇಲೆ ಹೋಲಿಸೋಕೆ ಇಟ್ಟುಕೊಂಡದ್ದು ನನ್ನ ಹತ್ತಿರ ಇದ್ದ 1918ರ ಸವರನ್. ಅದು ನಮ್ಮ ಬಾಂಬೆ ಟಂಕಸಾಲೆಯದ್ದು, ಇಸವಿಯ ಮೇಲೆ, ಅದರಲ್ಲಿ ಕೆತ್ತಿದ ಕುದುರೆಯ ಕಾಲಡಿಯ ನೆಲದಲ್ಲಿ ಪುಟ್ಟದಾಗಿ ಐ ಅಕ್ಷರ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಗಲ ಒಂದೇ, 22 ಮಿಲಿಮೀಟರ್. ಬೆಳಕಿಗೆ ಹಿಡಿದರೆ ಎರಡರಲ್ಲೂ ಅದೇ ತಾಮ್ರದ ಕೆಂಪು ಛಾಯೆ.

ಮುಖ್ಯವಾದದ್ದು ನೀರಿನ ಪರೀಕ್ಷೆ. ಗ್ರಾಂನ ಸಾವಿರದ ಒಂದು ಭಾಗದವರೆಗೆ ತೋರಿಸುವ ಪುಟ್ಟ ತಕ್ಕಡಿ ಬೇಕು. ಅದರ ಮೇಲೆ ಅರ್ಧ ಲೋಟ ಡಿಸ್ಟಿಲ್ಡ್ ನೀರು ಇಟ್ಟು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಅಂಕಿಯನ್ನು ಸೊನ್ನೆಗೆ ತಂದೆ. ಸೋಪು ಯಾಕೆ ಅಂದರೆ ನಾಣ್ಯಕ್ಕೆ ಗಾಳಿ ಗುಳ್ಳೆ ಅಂಟಬಾರದು, ಅಂಟಿದರೆ ಲೆಕ್ಕ ಕೆಡುತ್ತದೆ. ತೆಳ್ಳನೆ ನೈಲಾನ್ ದಾರದಲ್ಲಿ ನಾಣ್ಯ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿದೆ. ನಾಣ್ಯ ಎಷ್ಟು ನೀರನ್ನು ಸರಿಸುತ್ತದೋ ಅಷ್ಟೇ ತೂಕ ತಕ್ಕಡಿಯಲ್ಲಿ ಕಾಣುತ್ತದೆ. ಸವರನ್ ಇಳಿಸಿದಾಗ 0.455ರ ಆಸುಪಾಸು ಬಂತು. 7.988ನ್ನು ಅದರಿಂದ ಭಾಗಿಸಿದರೆ ಸುಮಾರು 17.5, ತಾಮ್ರ ಸೇರಿದ 22 ಕ್ಯಾರೆಟ್ ಚಿನ್ನಕ್ಕೆ ಬರಬೇಕಾದ ಸಾಂದ್ರತೆ ಅದೇ. ಗುಲ್ಡನ್ ಇಳಿಸಿದೆ. ಅಂಕಿ ಸ್ವಲ್ಪ ಹೊತ್ತು ಆಚೀಚೆ ಆಡಿ ಅದೇ ಜಾಗಕ್ಕೆ ಬಂದು ನಿಂತಿತು! ಒಳಗೆ ಟಂಗ್‌ಸ್ಟನ್ ಇಟ್ಟು ಮೇಲೆ ಚಿನ್ನ ಹಚ್ಚಿದ್ದರೆ 0.42ರ ಹತ್ತಿರ ಬರುತ್ತಿತ್ತು, ಯಾಕೆಂದರೆ ಟಂಗ್‌ಸ್ಟನ್ 22 ಕ್ಯಾರೆಟ್‌ಗಿಂತ ಭಾರ. ಹಿತ್ತಾಳೆಗೆ ನೀರೇ ಬೇಡ, ಅಷ್ಟು ತೂಕ ಬರಬೇಕಾದರೆ ನಾಣ್ಯ ಎರಡು ಪಟ್ಟು ದಪ್ಪ ಇರಬೇಕಾಗುತ್ತದೆ.

ಆದರೆ ಚಿನ್ನ ಸರಿ ಇದ್ದ ಮಾತ್ರಕ್ಕೆ ನಾಣ್ಯ ಸರಿ ಅಂತ ಅಲ್ಲ. ಅಸಲಿ ಚಿನ್ನದಲ್ಲೇ ಖೋಟಾ ಅಚ್ಚು ಹೊಡೆಯುವವರೂ ಇದ್ದಾರೆ. ಅದಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದು ಕೂತೆ. ಒಂದು ಕಡೆ ತ್ರಿಶೂಲ ಹಿಡಿದ ನೆಪ್ಚೂನ್ ಅನ್ನೋ ರೋಮನ್ನರ ಸಮುದ್ರದೇವ, ಇನ್ನೊಂದು ಕಡೆ ಊರಿನ ಲಾಂಛನ, ಕಿರೀಟದ ಕೆಳಗೆ ಒಂದರ ಮೇಲೊಂದು ಎರಡು ಶಿಲುಬೆ. ನೆಪ್ಚೂನನ ಮೈಯ ಸ್ನಾಯುಗಳು, ತ್ರಿಶೂಲದ ಮೊನೆ, ಅಕ್ಷರದ ಅಂಚು, ಇವೆಲ್ಲ ಚೂಪಾಗಿರಬೇಕು. ಎರಕದ ಖೋಟಾದಲ್ಲಿ ಅವು ಸವೆದ ಸೋಪಿನ ಹಾಗೆ ಮೊಂಡಾಗಿರುತ್ತವೆ, ಬಯಲು ಜಾಗದಲ್ಲಿ ಸಣ್ಣ ಸಣ್ಣ ಗುಳಿ ಕಾಣುತ್ತವೆ. ಹರಾಜು ಸಂಸ್ಥೆಗಳ ಹಳೆಯ ಮಾರಾಟದ ದೊಡ್ಡ ಫೋಟೋಗಳನ್ನು ತೆರೆದಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಅಂಚಿನ ಸುತ್ತ ಬೆಸುಗೆಯ ಗುರುತು ಇದೆಯಾ ಅಂತಲೂ ನೋಡಿದೆ. ಪದಕ ಮಾಡಿಸಿ ಕೊರಳಿಗೆ ಹಾಕಿಕೊಂಡ ನಾಣ್ಯಕ್ಕೆ ಬೆಲೆ ಬಹಳ ಇಳಿಯುತ್ತದೆ. ನನ್ನದರಲ್ಲಿ ಅಂಥದ್ದೇನೂ ಇರಲಿಲ್ಲ.

ಆಮೇಲೆ ಗ್ಡಾನ್ಸ್ಕ್‌ಗೂ ಹೋಗಿ ಬಂದೆ. ಆ ನೆಪ್ಚೂನ್ ಅಲ್ಲಿನ ಆರ್ಟಸ್ ಕೋರ್ಟ್ ಅನ್ನೋ ಹಳೆಯ ವರ್ತಕರ ಭವನದ ಮುಂದಿನ ಕಾರಂಜಿಯ ಕಂಚಿನ ವಿಗ್ರಹ, ಕಾರಂಜಿ 1633ರದ್ದು. ಎರಡನೇ ಮಹಾಯುದ್ಧದಲ್ಲಿ ವಿಗ್ರಹವನ್ನು ಕಳಚಿ ಬೇರೆ ಕಡೆ ಬಚ್ಚಿಟ್ಟಿದ್ದರು, ಅದರಿಂದ ಉಳಿಯಿತು. 1954ರಲ್ಲಿ ಕಾರಂಜಿ ಮತ್ತೆ ಶುರುವಾಯಿತು. ಸ್ವತಂತ್ರ ನಗರ ಮಾತ್ರ 1939ರ ಸೆಪ್ಟೆಂಬರ್ 1ರಂದೇ ಮುಗಿದಿತ್ತು. ಅವತ್ತು ಜರ್ಮನ್ ಯುದ್ಧನೌಕೆ ಬಂದರಿನ ಬಾಯಲ್ಲಿದ್ದ ಪೋಲೆಂಡಿನ ಸೇನಾನೆಲೆ ವೆಸ್ಟರ್‌ಪ್ಲಾಟೆ ಮೇಲೆ ಗುಂಡು ಹಾರಿಸಿತು, ಡಾನ್ಜಿಗ್ಗನ್ನು ಜರ್ಮನಿಗೆ ಸೇರಿಸಿಕೊಂಡರು, ಸ್ವಲ್ಪ ದಿನಕ್ಕೇ ಗುಲ್ಡನ್ ಜಾಗಕ್ಕೆ ರೈಕ್ಸ್‌ಮಾರ್ಕ್ ಬಂತು.

ನಾಣ್ಯವನ್ನು ಉಜ್ಜಿ ಹೊಳಪು ಮಾಡಲು ಹೋಗಬೇಡಿ, ದಯವಿಟ್ಟು. ನೀರಿನ ಪರೀಕ್ಷೆ ಆದ ಮೇಲೆ ಡಿಸ್ಟಿಲ್ಡ್ ನೀರಲ್ಲಿ ಅದ್ದಿ, ಮೆತ್ತನೆ ಬಟ್ಟೆಯ ಮೇಲೆ ಸುಮ್ನೆ ಇಟ್ಟು ಒಣಗಲು ಬಿಟ್ಟೆ, ಅಷ್ಟೇ. 1923ರದ್ದು ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.