ಕೆಲಸದ ಮೇಲೆ ಶಿವಮೊಗ್ಗಕ್ಕೆ ಬಂದವರು ಊರಿನ ರುಚಿ ನೋಡುವ ಬಗೆ

ಬ್ಯಾಂಕಿನ ತಪಾಸಣೆಗೆ, ಮಾಚೇನಹಳ್ಳಿಯ ಕಾರ್ಖಾನೆಗಳಲ್ಲಿ ಯಂತ್ರ ಜೋಡಿಸುವುದಕ್ಕೆ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯ ಕೆಲಸಕ್ಕೆ ಎಂದು ಎರಡು ಮೂರು ದಿನಗಳ ಮಟ್ಟಿಗೆ ಶಿವಮೊಗ್ಗಕ್ಕೆ ಬರುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹಗಲೆಲ್ಲ ಕೆಲಸ ಮಾಡಿ, ರಾತ್ರಿ ಲಾಡ್ಜಿನ ಕೆಳಗಿರುವ ಹೋಟೆಲಿನಲ್ಲಿ ಎಲ್ಲ ಊರುಗಳಲ್ಲೂ ಸಿಗುವ ರೋಟಿ, ಪನೀರು ತಿಂದು ಮಲಗಿ, ಮೂರನೆಯ ದಿನ ಹಿಂದಿರುಗುತ್ತಾರೆ. ನಾನೂ ಮೊದಲ ಎರಡು ಸಲ ಹಾಗೆಯೇ ಹೋಗಿ ಬಂದೆ. ಆ ಆರು ಹೊತ್ತಿನ ಊಟ ಇಂದಿಗೂ ನಷ್ಟವೆಂದೇ ನನಗೆ ಅನ್ನಿಸುತ್ತದೆ. ಮಲೆನಾಡಿನ ಅಡುಗೆ ಹೆಚ್ಚಾಗಿ ಮನೆಯ ಅಡುಗೆ. ಸೊಪ್ಪನ್ನು ಅರೆದು ಮಜ್ಜಿಗೆಯಲ್ಲಿ ಕಲಸುವ ತಂಬುಳಿ, ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿ, ಕಳಲೆ ಪಲ್ಯ, ಹಲಸಿನ ಕಡುಬು ಮೊದಲಾದವು ಹೋಟೆಲಿನ ಪಟ್ಟಿಯಲ್ಲಿ ಅಪರೂಪ, ಇದ್ದರೂ ಕಾಲಕ್ಕೆ ತಕ್ಕಂತೆ ಬಂದು ಹೋಗುತ್ತವೆ. ಆದ್ದರಿಂದ ಇಲ್ಲಿ ಹೋಟೆಲು ಹುಡುಕುವುದಕ್ಕೆ ಮೊದಲು ಮಾರುಕಟ್ಟೆ ನೋಡಬೇಕು. ಈ ವಾರ ಊರಿನ ಮನೆಗಳಲ್ಲಿ ಏನು ಬೇಯುತ್ತಿದೆ ಎಂಬುದು ಗಾಂಧಿ ಬಜಾರಿನಲ್ಲಿ ತಿಳಿಯುತ್ತದೆ. ತಿಳಿದ ಮೇಲೆ ಅದನ್ನೇ ಹೆಸರು ಹಿಡಿದು ಕೇಳಬಹುದು.

ಕೆಲಸಕ್ಕೆ ಬಂದವರಿಗೆ ಸಿಗುವುದು ದಿನದ ಎರಡು ಅಂಚುಗಳು ಮಾತ್ರ: ಬೆಳಿಗ್ಗೆ ಕಚೇರಿ ತೆರೆಯುವ ಮುನ್ನ ಮತ್ತು ಸಂಜೆ ಆರರ ಮೇಲೆ. ಉಳಿದುಕೊಳ್ಳುವ ಜಾಗವನ್ನು ಬಿ.ಎಚ್. ರಸ್ತೆ, ನೆಹರೂ ರಸ್ತೆ ಅಥವಾ ದುರ್ಗಿಗುಡಿಯ ಆಸುಪಾಸಿನಲ್ಲಿ ಗೊತ್ತು ಮಾಡಿಕೊಂಡರೆ ಮಾರುಕಟ್ಟೆಗೆ ನಡೆದೇ ಹೋಗಬಹುದು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾಗಿದೆಯಾದರೂ ಬೆಂಗಳೂರಿನ ಕಡೆಯಿಂದ ಬರುವವರಲ್ಲಿ ಅನೇಕರು ಇಂದಿಗೂ ರೈಲಿನಲ್ಲೇ ಬರುತ್ತಾರೆ. ಜನಶತಾಬ್ದಿ ಶಿವಮೊಗ್ಗದಿಂದ ನಸುಕಿನಲ್ಲೇ ಹೊರಟುಬಿಡುವುದರಿಂದ, ಅದರಲ್ಲಿ ಮರಳುವವರು ಸಾಮಾನು ಕೊಳ್ಳುವ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿಕೊಳ್ಳಬೇಕು.

ಗಾಂಧಿ ಬಜಾರಿಗೆ ಮೊದಲ ದಿನ ಕೊಳ್ಳುವ ಉದ್ದೇಶವಿಲ್ಲದೆ ಹೋಗುವುದು ಒಳ್ಳೆಯದು. ದೊಡ್ಡ ಅಂಗಡಿಗಳ ಸಾಲಿಗಿಂತ ಹೆಚ್ಚಾಗಿ, ಗೋಣಿ ಹಾಸಿಕೊಂಡು ನೆಲದ ಮೇಲೆ ಕುಳಿತವರ ಮುಂದೆ ಏನಿದೆ ಎಂದು ಗಮನಿಸಿ. ಸುತ್ತಲಿನ ಹಳ್ಳಿಗಳಿಂದ ಬಂದ ಅವರ ಬಳಿ ಇರುವುದು ಹೆಚ್ಚಾಗಿ ತಮ್ಮ ಹಿತ್ತಲಿನ ಮಾಲು: ನಾಲ್ಕು ಕಟ್ಟು ಸೊಪ್ಪು, ಒಂದು ಬುಟ್ಟಿ ಹೀರೇಕಾಯಿ, ಬಾಳೆ ಎಲೆ, ಒಂದೆಲಗ. ಒಂದೆಲಗವನ್ನು ಕಂಡರೆ ಅಂದು ಮಧ್ಯಾಹ್ನ ತಂಬುಳಿ ಕೇಳಬಹುದು ಎಂದು ಲೆಕ್ಕ. ಮಾರ್ಚ್, ಏಪ್ರಿಲ್ ತಿಂಗಳಾದರೆ ಮಾವಿನ ಮಿಡಿ, ಮೇ ತಿಂಗಳಲ್ಲಿ ಹಲಸು, ಮಳೆ ಹಿಡಿದ ಮೇಲೆ ಕಳಲೆ, ಅಣಬೆ ಮತ್ತು ಕೆಸುವಿನ ಎಲೆ ಕಾಣಿಸಿಕೊಳ್ಳುತ್ತವೆ.

ಮಿಡಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೊರಗಿನವರು ಮೋಸಹೋಗುವುದೂ ಇಲ್ಲಿಯೇ, ಸರಿಯಾಗಿ ಕೊಂಡರೆ ವರ್ಷಗಟ್ಟಲೆ ಸಂತೋಷಪಡುವುದೂ ಇಲ್ಲಿಯೇ. ಮಲೆನಾಡಿನ ಹೊಳೆಸಾಲಿನ ಮರಗಳಲ್ಲಿ ಬಿಡುವ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇದನ್ನು ತೂಕಕ್ಕಿಂತ ಹೆಚ್ಚಾಗಿ ನೂರರ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಏಪ್ರಿಲ್ ಬೆಳಿಗ್ಗೆ ನಾನು ಬುಟ್ಟಿಯೊಂದರ ಮುಂದೆ ಸುಮ್ಮನೆ ನಿಂತಿದ್ದಾಗ, ಮಾರುತ್ತಿದ್ದ ಅಜ್ಜಿ ಒಂದು ಮಿಡಿಯನ್ನೆತ್ತಿ ತೊಟ್ಟನ್ನು ಚಟಕ್ಕನೆ ಮುರಿದರು. ಸೊನೆ ಚಿಮ್ಮಿ ಅವರ ಹೆಬ್ಬೆರಳಿನ ಮೇಲೆ ಹರಿಯಿತು. “ಮೂಸಿ ನೋಡಪ್ಪ, ಇದು ಜೀರಿಗೆ ಮಿಡಿ” ಎಂದು ಬೆರಳನ್ನೇ ಮುಂದೆ ಹಿಡಿದರು. ಹೌದು, ಆಗಷ್ಟೇ ಜಜ್ಜಿದ ಜೀರಿಗೆಯ ವಾಸನೆ. ಹಾಗೆ ಸೊನೆ ಚಿಮ್ಮುವ, ಗಮಗಮಿಸುವ, ತೊಟ್ಟು ಕಳಚದ, ಒತ್ತಿದರೆ ಗಟ್ಟಿಯಾಗಿರುವ ಮಿಡಿಯನ್ನೇ ಆರಿಸಬೇಕು. ಮರದಿಂದ ಕೈಯಲ್ಲಿ ಕೊಯ್ದು ಇಳಿಸಿದ್ದೋ, ಬಡಿದು ಬೀಳಿಸಿದ್ದೋ ಎಂದು ಕೇಳಿ; ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸೇರಿಕೊಂಡರೂ ಇಡೀ ಜಾಡಿ ಕೆಡುವ ಅಪಾಯವಿದೆ. ಕೆಲಸಕ್ಕೆ ಬಂದವರು ಹಸಿ ಮಿಡಿಯನ್ನು ಕೊಂಡು ಚೀಲದಲ್ಲಿ ಎರಡು ದಿನ ಇಟ್ಟುಕೊಂಡರೆ ಅದು ಬಾಡಿ ಹೋಗುತ್ತದೆ. ಹೊರಡುವ ದಿನದ ಹೊರತು ಹಸಿಯದ್ದನ್ನು ಕೊಳ್ಳಬೇಡಿ. ಇಲ್ಲವಾದರೆ ಉಪ್ಪಿನಲ್ಲಿ ಚಿರುಟಿಸಿ, ಸಾಸಿವೆ ಖಾರ ಬೆರೆಸಿದ ಸಿದ್ಧ ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ.

ಕಳಲೆ ಎಂದರೆ ಎಳೆಯ ಬಿದಿರಿನ ಮೊಳಕೆ. ಅದನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ ಕಹಿಯನ್ನೂ ನಂಜನ್ನೂ ತೆಗೆದ ಮೇಲೆಯೇ ಬೇಯಿಸುತ್ತಾರೆ. ಆದ್ದರಿಂದ ಇದನ್ನು ಕೊಂಡು ಪ್ರಯೋಗ ಮಾಡುವ ಬದಲು, ಮಾಡಲು ಬಲ್ಲವರ ಕೈಯಲ್ಲಿ ತಿನ್ನುವುದೇ ಸರಿ.

ಬೆಳಗಿನ ತಿಂಡಿಗೆ ಶಿವಮೊಗ್ಗದ ಹಳೆಯ ಹೋಟೆಲುಗಳು ನಂಬಿಕೆಗೆ ಅರ್ಹ. ಬಿ.ಎಚ್. ರಸ್ತೆಯ ಮೀನಾಕ್ಷಿ ಭವನದ ಹೆಸರನ್ನು ಊರಿನವರು ತಾವಾಗಿಯೇ ಹೇಳುತ್ತಾರೆ. ಕಚೇರಿಯ ಹೊತ್ತಿಗೆ ಮೊದಲು ಅಲ್ಲಿ ಜನ ತುಂಬಿರುವುದರಿಂದ ಅರ್ಧ ಗಂಟೆ ಮುಂಚಿತವಾಗಿ ಹೋಗಬೇಕು. ಬೇರೆಡೆಗಳಲ್ಲಿ ಅಕ್ಕಿ ರೊಟ್ಟಿ, ನೀರುದೋಸೆ, ಕಡುಬು ಇವೆಯೇ ಎಂದು ಕೇಳಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು ಸಿಕ್ಕಿದರೆ, ಎಲೆಯನ್ನು ಬಿಡಿಸಿದ ಕೂಡಲೇ, ಆವಿ ಇರುವಾಗಲೇ ತಿನ್ನಬೇಕು. ಎಲೆಯ ಪರಿಮಳ ಆರಿದ ಮೇಲೆ ಉಳಿಯುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ನಿಮ್ಮೊಡನೆ ಕೆಲಸ ಮಾಡುವ ಸ್ಥಳೀಯರೇ ದಾರಿ. “ಒಳ್ಳೆಯ ಹೋಟೆಲು ಯಾವುದು ಸಾರ್?” ಎಂದು ಕೇಳಿದರೆ ಅವರು ಅತಿಥಿಗೆ ತಕ್ಕುದೆಂದು ಹವಾನಿಯಂತ್ರಿತ ರೆಸ್ಟೋರೆಂಟಿಗೇ ಕರೆದೊಯ್ಯುತ್ತಾರೆ. “ನೀವು ದಿನಾ ಎಲ್ಲಿ ಊಟ ಮಾಡುತ್ತೀರಿ? ಈಗ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ?” ಎಂದು ಕೇಳಿದರೆ ಉತ್ತರವೇ ಬೇರೆ. ಒಂದು ಮಳೆಗಾಲದಲ್ಲಿ ನಾನು ಹೀಗೆ ಕೇಳಿದ ಮರುದಿನ, ತೀರ್ಥಹಳ್ಳಿ ಕಡೆಯ ಗುಮಾಸ್ತರೊಬ್ಬರು ತಮ್ಮ ಡಬ್ಬಿಯ ಜೊತೆಗೆ ಇನ್ನೊಂದು ಡಬ್ಬಿಯನ್ನೂ ತಂದಿದ್ದರು. ಅದರಲ್ಲಿ ಅಕ್ಕಿ ತರಿಯ ಉಂಡೆಗಡುಬು ಮತ್ತು ಕಾಳುಮೆಣಸು ಮುಂದಾಗಿದ್ದ ಕೋಳಿ ಸಾರು ಇತ್ತು. ಕಡುಬನ್ನು ಬೆರಳಿನಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅದು ಹೀರಿಕೊಳ್ಳುವವರೆಗೆ ತಡೆದು ತಿನ್ನಬೇಕೆಂದು ಅವರೇ ತೋರಿಸಿಕೊಟ್ಟರು. ಮನೆಗೆ ಊಟಕ್ಕೆ ಕರೆದರೆ ಸಂಕೋಚದಿಂದ ತಪ್ಪಿಸಿಕೊಳ್ಳಬೇಡಿ. ಹಣ್ಣು, ಹೂವು ಹಿಡಿದುಕೊಂಡು ಹೋಗಿ, ಎರಡನೆಯ ಸಲ ಬಡಿಸಲು ಬಂದಾಗ ಬೇಡವೆನ್ನದಿದ್ದರೆ ಅಷ್ಟೇ ಸಾಕು. ಮನೆಯವರು ಮಾಂಸಾಹಾರಿಗಳೋ ಸಸ್ಯಾಹಾರಿಗಳೋ ಎಂಬುದನ್ನು ಮುಂಚಿತವಾಗಿ ತಿಳಿದು, ನಿಮ್ಮ ಪಥ್ಯವನ್ನೂ ಮೊದಲೇ ಹೇಳಿಬಿಡುವುದು ಇಬ್ಬರಿಗೂ ಅನುಕೂಲ.

ಒಂದು ಬಿಡುವಿನ ಗಂಟೆ ಸಿಕ್ಕಿದರೆ ಕೃಷಿ ಮಾರುಕಟ್ಟೆ ಸಮಿತಿಯ ಪ್ರಾಂಗಣಕ್ಕೆ ಹೋಗಿ ಅಡಿಕೆಯ ವ್ಯಾಪಾರ ನೋಡಬೇಕೆಂಬುದು ನನ್ನ ಒತ್ತಾಯ. ಈ ಸೀಮೆಯ ಮನೆಗಳಲ್ಲಿ ಮದುವೆ, ಸಾಲ, ಮಕ್ಕಳ ಓದು ಎಲ್ಲವೂ ಅಡಿಕೆ ದರವನ್ನು ನೋಡಿಕೊಂಡೇ ನಡೆಯುತ್ತವೆ. ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್‌ಕೋಸ್ 1939ರಷ್ಟು ಹಿಂದೆಯೇ ಹುಟ್ಟಿದ್ದು ಇದೇ ಕಾರಣದಿಂದ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ನಾಲ್ಕು ಬಗೆಗಳ ಹೆಸರುಗಳನ್ನು ತಿಳಿದುಕೊಂಡು ಹೋದರೆ ಅಲ್ಲಿನ ಮಾತು ಅರ್ಥವಾಗುತ್ತದೆ. ಸಾಮಾನ್ಯವಾಗಿ ಸರಕಿಗೆ ಅತಿ ಹೆಚ್ಚು, ಗೊರಬಲಿಗೆ ಅತಿ ಕಡಿಮೆ ದರ. ಮೂಟೆಗಳ ನಡುವೆ ಓಡಾಡುವ ಹಮಾಲರಿಗೆ ದಾರಿ ಬಿಟ್ಟು ನಿಲ್ಲಬೇಕು, ಮಾದರಿಯ ಅಡಿಕೆಯನ್ನು ಕೇಳದೆ ಮುಟ್ಟಬಾರದು.

ಸಂಜೆಗೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ ಇವೆ. ಗಾಡಿಯನ್ನು ಆರಿಸುವಾಗ ಎಣ್ಣೆಯ ಬಣ್ಣ ನೋಡಿ, ಬಜ್ಜಿ ಕಣ್ಣ ಮುಂದೆ ಕರಿಯುತ್ತಿದ್ದಾರೆಯೇ ನೋಡಿ. ತಿಂದ ಮೇಲೆ ಕೋಟೆ ರಸ್ತೆಯ ಕಡೆಗೆ ನಡೆದರೆ ತುಂಗೆಯ ದಡ ಸಿಗುತ್ತದೆ. ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತು ಇದೇ ಹೊಳೆಯದು. ಆದರೆ ಪ್ರಯಾಣದಲ್ಲಿರುವವರು ಕುದಿಸಿದ ನೀರನ್ನೇ ಕುಡಿಯಬೇಕು, ವಿಶೇಷವಾಗಿ ಮಳೆಗಾಲದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಸಾಗರ, ಹೊಸನಗರದ ಕಡೆ ಕೆಲಸ ಬಿದ್ದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ಎಲ್ಲಿ ನಡೆದಿದೆ ಎಂದು ವಿಚಾರಿಸಿ. ಅಲ್ಲಿ ಕಬ್ಬಿನ ಹಾಲನ್ನೂ ಬಿಸಿ ಬೆಲ್ಲವನ್ನೂ ಬಂದವರಿಗೆಲ್ಲ ಕೊಡುವುದು ವಾಡಿಕೆ.

ಮನೆಗೆ ಒಯ್ಯಲು ಕಾಳುಮೆಣಸು, ಏಲಕ್ಕಿ, ಒಣಗಿಸಿದ ಮುರುಗಲು (ಪುನರ್ಪುಳಿ) ಸಿಪ್ಪೆ, ಹಲಸಿನ ಹಪ್ಪಳ, ದ್ರವರೂಪದ ಜೋನಿ ಬೆಲ್ಲ ಮತ್ತು ಮಿಡಿ ಉಪ್ಪಿನಕಾಯಿ ಯೋಗ್ಯವಾದವು. ಕಾಳುಮೆಣಸಿನ ನಾಲ್ಕು ಕಾಳನ್ನು ನೀರಿಗೆ ಹಾಕಿದರೆ ಬಲಿತದ್ದು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಹಾಳೆಯಂತೆ ತೆಳ್ಳಗಿನ ಸಿಹಿ ತಿಂಡಿಯಾದ ತೊಡೆದೇವು ಸಿಕ್ಕಿದರೆ ಕೈಯಲ್ಲೇ ಹಿಡಿದು ತರಬೇಕು, ಚೀಲದಲ್ಲಿ ಪುಡಿಯಾಗುತ್ತದೆ. ಜೋನಿ ಬೆಲ್ಲದ ಮುಚ್ಚಳ ಸಡಿಲಿದ್ದುದರಿಂದ ನನ್ನ ಕಡತವೊಂದು ಬಸ್ಸಿನಲ್ಲಿ ಪೂರ್ತಿ ಅಂಟಿಹೋಗಿ, ಆ ಕಾಗದಗಳನ್ನು ಮತ್ತೆ ಸಿದ್ಧಪಡಿಸಲು ಎರಡು ದಿನ ಹಿಡಿಯಿತು. ಅಂದಿನಿಂದ ಡಬ್ಬವನ್ನು ಅಂಗಡಿಯಲ್ಲೇ ತಲೆಕೆಳಗು ಮಾಡಿ ಪರೀಕ್ಷಿಸಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು, ಕಡತಗಳಿಲ್ಲದ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಯೇ ತರುತ್ತೇನೆ. ವಿಮಾನದಲ್ಲಿ ಹೋಗುವವರು ಬೆಲ್ಲವನ್ನೂ ಉಪ್ಪಿನಕಾಯಿಯನ್ನೂ ಕೈಚೀಲದಲ್ಲಿ ಇಡದೆ ಲಗೇಜಿಗೇ ಹಾಕಬೇಕು. ಮನೆಗೆ ತಲುಪಿದ ಮೇಲೆ ಮಿಡಿಯನ್ನು ಒಣಗಿದ ಗಾಜಿನ ಅಥವಾ ಪಿಂಗಾಣಿ ಜಾಡಿಗೆ ಬದಲಿಸಿ, ಮಿಡಿಗಳು ರಸದಲ್ಲಿ ಮುಳುಗಿರುವಂತೆ ನೋಡಿಕೊಂಡು, ಒದ್ದೆ ಚಮಚ ತಾಗಿಸದೆ ಒಂದೊಂದಾಗಿ ತೆಗೆದುಕೊಳ್ಳಿ.