ಹಳೆಯ ಕಂಪ್ಯೂಟರ್ ಮನೆಯ ಫೈರ್‌ವಾಲ್ ಆದ ಬಗೆ: ನನ್ನ ಅನುಭವ

ಕಲಬುರಗಿಯ ನಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿದ್ದ 64 ಬಿಟ್ ಕಂಪ್ಯೂಟರಿಗೆ ಎರಡನೆಯ ಲ್ಯಾನ್ ಕಾರ್ಡ್ (ನೆಟ್‌ವರ್ಕ್ ಕೇಬಲ್ ಜೋಡಿಸುವ ಕಾರ್ಡ್) ಕೂಡಿಸಿ, ಪಿಎಫ್‌ಸೆನ್ಸ್ ತಂತ್ರಾಂಶವನ್ನು ಅಳವಡಿಸಿದೆ. ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಆಧರಿಸಿದ ಇದು ಕಂಪ್ಯೂಟರನ್ನು ಫೈರ್‌ವಾಲ್ ಆಗಿಸುತ್ತದೆ, ಅಂದರೆ ಮನೆಯ ಜಾಲಕ್ಕೂ ಇಂಟರ್ನೆಟ್ಟಿಗೂ ನಡುವಿನ ಕಾವಲುಗಾರನನ್ನಾಗಿ. ಒಂದು ಕಾರ್ಡಿಗೆ ಮೋಡೆಮ್, ಇನ್ನೊಂದಕ್ಕೆ ಮನೆಯ ನೆಟ್‌ವರ್ಕ್ ಸ್ವಿಚ್ ಜೋಡಿಸಿದ ಮೇಲೆ ಎರಡರ ದೀಪಗಳೂ ಹಸಿರಾಗಿ ಮಿನುಗುತ್ತಿದ್ದವು. ಆದರೆ ಯಾವ ಫೋನಿನಲ್ಲಿಯೂ ಒಂದು ಪುಟವೂ ತೆರೆಯಲಿಲ್ಲ.

ಎರಡು ಸಂಜೆ ಕೇಬಲ್ ಬದಲಿಸುವುದರಲ್ಲೇ ಕಳೆದವು. ಕೊನೆಗೆ ಪರದೆಯ ಮೇಲಿನ ಎರಡು ಸಾಲುಗಳನ್ನು ನಿಧಾನವಾಗಿ ಓದಿದಾಗ ದೋಷ ಕಣ್ಣಿಗೆ ಬಿತ್ತು: ಮೋಡೆಮಿನ ವಿಳಾಸವೂ 192.168.1.1, ಪಿಎಫ್‌ಸೆನ್ಸ್ ತನ್ನ ಲ್ಯಾನ್ (ಮನೆಯ ಒಳಜಾಲ) ಬದಿಗೆ ಮೊದಲೇ ಇಟ್ಟುಕೊಂಡಿರುವ ವಿಳಾಸವೂ ಅದೇ. ಒಳಗೂ ಹೊರಗೂ ಒಂದೇ ಜಾಲಸರಣಿಯಿದ್ದರೆ ಮಾಹಿತಿಯನ್ನು ಯಾವ ಕಡೆಗೆ ಕಳುಹಿಸಬೇಕೆಂಬುದು ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ಲ್ಯಾನ್ ವಿಳಾಸವನ್ನು 192.168.10.1 ಎಂದು ಬದಲಿಸಿ, ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸಗಳನ್ನೂ ಅದಕ್ಕೆ ಹೊಂದಿಸಿ, ಫೋನಿನ ವೈಫೈ ಆರಿಸಿ ಹಚ್ಚಿದೊಡನೆ ಇಂಟರ್ನೆಟ್ ಹರಿಯಿತು. ಜಾಲತಾಣದ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಕೂಡ ಈಗ ಇದರಲ್ಲಿಯೇ ಇದೆ. ಆದರೆ ಮನೆಯ ಫೋಟೊಗಳನ್ನು ಫೈರ್‌ವಾಲ್ ಯಂತ್ರದಲ್ಲಿ ಇಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ಯಂತ್ರವು ದಿನಾಂಕ ತಪ್ಪಿದೆಯೆಂದು ನಿಂತುಬಿಡುತ್ತಿತ್ತು. ಮದರ್‌ಬೋರ್ಡಿನ ಗಡಿಯಾರವನ್ನು ನಡೆಸುವ, ನಾಣ್ಯದಂಥ ಸಿಆರ್ 2032 ಬ್ಯಾಟರಿಯನ್ನು ಬದಲಿಸಿ, ವಿದ್ಯುತ್ ಮರಳಿದೊಡನೆ ತಾನಾಗಿ ಚಾಲೂ ಆಗುವಂತೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಹೊಂದಿಕೆಗಳ ಪರದೆ) ಹೊಂದಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ.