ಹಿತಕಿದ ಬೇಳೆ ಸಾರು: ಕಾಯಿ ಮೂಸುವುದರಿಂದ ಶುರು

ಹಳೇ ಮೈಸೂರು ಕಡೆ ಚಳಿ ಬಿತ್ತೆಂದರೆ ಅಡುಗೆಮನೆಯಲ್ಲಿ ಅವರೆಕಾಯಿಯದೇ ದರ್ಬಾರು. ಉಪ್ಪಿಟ್ಟಿಗೂ ಅದೇ, ಅಕ್ಕಿರೊಟ್ಟಿಗೂ ಅದೇ, ಧನುರ್ಮಾಸದ ಹುಗ್ಗಿಗೂ ಒಂದು ಹಿಡಿ ಅದೇ. ಎಲ್ಲಕ್ಕಿಂತ ಮೇಲು ಹಿತಕಿದ ಬೇಳೆ ಸಾರು, ಅಂದರೆ ನೆನೆಸಿದ ಕಾಳನ್ನು ಬೆರಳಲ್ಲಿ ಒತ್ತಿ ಮೇಲಿನ ಸಿಪ್ಪೆ ಬಿಡಿಸಿದ ಬೇಳೆಯ ಸಾರು, ಜೊತೆಗೆ ಬಿಸಿ ರಾಗಿಮುದ್ದೆ. ಈ ಸಾರು ಕೆಡುವುದು ಒಲೆ ಮೇಲೆ ಅಂದುಕೊಳ್ಳುತ್ತಾರೆ. ಕಾಯಿ ಕೊಳ್ಳುವಾಗಲೇ ಅದು ಅರ್ಧ ಪಾಲು ಕೆಟ್ಟಿರುತ್ತದೆ.

ಕಾಯಿಯನ್ನು ಮುಟ್ಟಿ, ಮೂಸಿ ಕೊಳ್ಳಿ. ಸಿಪ್ಪೆಯ ಮೇಲೆ ಕೈಗೆ ಅಂಟುವ ಜಿಡ್ಡಿರಬೇಕು, ಮೂಗಿಗೆ ಘಾಟು ಹತ್ತಬೇಕು. ಅದೇ ಸೊಗಡು. ಮಾಗಡಿ ಕಡೆಯ ಕಾಯಿಗೆ ಹೆಸರು ಬಂದದ್ದೂ ಅದರಿಂದಲೇ. ಹಳೇ ತಳಿ ಹಗಲು ಕುಗ್ಗಿದ ಮೇಲಷ್ಟೇ ಹೂ ಬಿಡುತ್ತದೆ, ಹಾಗಾಗಿ ಅದು ಚಳಿಗಾಲದ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, 4ರಂಥ ತಳಿಗಳಿಗೆ ಆ ಹಂಗಿಲ್ಲ, ಬೇಸಿಗೆಯಲ್ಲೂ ಸಿಗುತ್ತವೆ. ಪಲ್ಯಕ್ಕೆ ಅಡ್ಡಿಯಿಲ್ಲ, ಈ ಸಾರಿಗೆ ಮಾತ್ರ ಸೊಗಡವರೆಯೇ ಸರಿ. ಕಾಳು ಉಬ್ಬಿರಬೇಕು, ಸಿಪ್ಪೆ ಹಸಿರಾಗಿಯೇ ಇರಬೇಕು. ಎಳೆಕಾಳು ಹಿತಕಿದರೆ ಮುದ್ದೆಯಾಗುತ್ತದೆ. ಕಾಯಿ ಹಳದಿಗೆ ತಿರುಗಿದ್ದರೆ ಬೇಳೆ ಬೇಗ ಬೇಯುವುದಿಲ್ಲ. ಸಣ್ಣ ತೂತಿದ್ದ ಕಾಯಿಯೊಳಗೆ ಹುಳು ಇದ್ದೇ ಇರುತ್ತದೆ ಅಂತಲೇ ತಿಳಿದು ಬೆಳಕಿನಲ್ಲಿ ಕೂತು ಸುಲಿಯಿರಿ.

ನಾಲ್ಕು ಜನಕ್ಕೆ ಎರಡು ಕೆಜಿ ಕಾಯಿ ಬೇಕು. ಸುಲಿದ ಕಾಳನ್ನು ಮುಳುಗುವಷ್ಟು ನೀರಿನಲ್ಲಿ ನಾಲ್ಕೈದು ಗಂಟೆ ನೆನೆಸಿ. ರಾತ್ರಿಯಿಡೀ ನೆನೆಸುವುದಾದರೆ ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಬೆಳಗ್ಗೆಗೆ ಹಳಸಿದ ವಾಸನೆ. ಹಿತಕುವಾಗ ಕಾಳಿನ ಬಿಳಿ ಮೂತಿ ನಿಮ್ಮ ಕಡೆಗಿರಲಿ, ಎದುರಿನ ತುದಿ ಪಾತ್ರೆಯ ಕಡೆಗೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಂದಿನಿಂದ ಮುಂದಕ್ಕೆ ಒತ್ತಿದರೆ ಬೇಳೆ ಪುಳಕ್ಕನೆ ಜಿಗಿಯುತ್ತದೆ. ಪಾತ್ರೆಯನ್ನು ಓರೆಯಾಗಿ ಇಟ್ಟುಕೊಂಡರೆ ಬೇಳೆ ಮನೆಯೆಲ್ಲ ಹಾರುವುದು ತಪ್ಪುತ್ತದೆ. ನಾಲ್ಕು ಕೈ ಸೇರಿದರೆ ಬೇಗ ಮುಗಿಯುವ ಕೆಲಸ. ಟಿವಿ ನೋಡುತ್ತ ಕೂತವರ ಮುಂದೆ ಒಂದೊಂದು ಬಟ್ಟಲು ಇಟ್ಟುಬಿಡಿ.

ಮಸಾಲೆ ಹೀಗೆ. ಒಂದು ಚಮಚ ಎಣ್ಣೆಯಲ್ಲಿ ಎರಡು ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಐದು ಬ್ಯಾಡಗಿ, ಎರಡು ಗುಂಟೂರು ಮೆಣಸಿನಕಾಯಿ ಸಣ್ಣ ಉರಿಯಲ್ಲಿ ಹುರಿದು ತೆಗೆಯಿರಿ. ಅದೇ ಬಾಣಲೆಯಲ್ಲಿ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಕೆಂಪಗೆ ಬಾಡಿಸಿ. ಇವಕ್ಕೆ ಅರ್ಧ ಬಟ್ಟಲು ತೆಂಗಿನತುರಿ, ಒಂದು ಚಮಚ ಹುರಿಗಡಲೆ, ಅರ್ಧ ಇಂಚು ಚಕ್ಕೆ, ಎರಡು ಲವಂಗ, ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಚಕ್ಕೆ ಲವಂಗ ಇದಕ್ಕಿಂತ ಜಾಸ್ತಿ ಹಾಕಿದರೆ ಕುರ್ಮ ಆಗುತ್ತದೆ, ಸೊಗಡು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಕುಕ್ಕರ್ ಬೇಡವೇ ಬೇಡ, ಒಂದೇ ಸೀಟಿಗೆ ಬೇಳೆ ಗಂಜಿಯಾಗುತ್ತದೆ. ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಬೇಳೆ, ಚಿಟಿಕೆ ಅರಿಶಿನ ಹಾಕಿ, ಮುಚ್ಚಳ ಓರೆಯಾಗಿಡಿ. ಪೂರ್ತಿ ಮುಚ್ಚಿದರೆ ನೊರೆ ಉಕ್ಕಿ ಒಲೆಯೆಲ್ಲ ರಾಡಿ. ಹತ್ತು ನಿಮಿಷಕ್ಕೆ ಒಂದು ಬೇಳೆ ತೆಗೆದು ಒತ್ತಿ ನೋಡಿ: ಬೆರಳಿಗೆ ಮೆದುವಾಗಬೇಕು, ಆಕಾರ ಬಿಡಬಾರದು. ಟೊಮೆಟೊ ಆಗಲಿ ಹುಣಸೆ ಆಗಲಿ ಇದಾದ ಮೇಲೆ. ಮೊದಲೇ ಹುಳಿ ಬಿದ್ದರೆ ಎಷ್ಟು ಕುದಿಸಿದರೂ ಬೇಳೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಆಮೇಲೆ ರುಬ್ಬಿದ್ದು, ಉಪ್ಪು ಹಾಕಿ ಹಸಿವಾಸನೆ ಹೋಗುವವರೆಗೆ ಕುದಿಸಿ. ಸೌಟು ಹಾಕಿ ಜೋರಾಗಿ ತಿರುವಬೇಡಿ, ತಳದಿಂದ ಮೆಲ್ಲಗೆ ಎತ್ತಿ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಡಿ. ಅವರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಇಂಗು ಶುಂಠಿ ಬಿಡಬೇಡಿ.

ಇಳಿಸುವಾಗ ಸಾರು ಸ್ವಲ್ಪ ತೆಳ್ಳಗೇ ಇರಲಿ, ಆರುತ್ತ ಗಟ್ಟಿಯಾಗುತ್ತದೆ.

ಜಾಸ್ತಿ ಹಿತಕಿದ್ದರೆ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ನೀರು ಆರಿಸಿ, ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ. ಬೇಕಾದಾಗ ಕರಗಿಸದೆ ನೇರ ಕುದಿಯುವ ನೀರಿಗೇ ಹಾಕಿ. ಕರಗಿಸಲು ಹೊರಗಿಟ್ಟರೆ ಮೆತ್ತಗಾಗಿ ಒಡೆಯುತ್ತದೆ. ಕರಿಯುವುದಿದ್ದರೆ ಇನ್ನೂ ಚೆನ್ನಾಗಿ ಆರಬೇಕು, ಒದ್ದೆ ಬೇಳೆ ಬಿದ್ದರೆ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಸದ್ದು ನಿಂತು ಬೇಳೆ ತೇಲಿದಾಗ ತೆಗೆದು, ಬಿಸಿಯಿರುವಾಗಲೇ ಉಪ್ಪು, ಖಾರದಪುಡಿ ಬೆರೆಸಿ.

ಉಳಿದ ಸಾರಿಗೆ ಮಾರನೇ ಬೆಳಗ್ಗೆ ಅರ್ಧ ಲೋಟ ಬಿಸಿನೀರು ಸೇರಿಸಿ ಒಂದು ಕುದಿ ಕುದಿಸಿ, ದೋಸೆಗೆ ಬಡಿಸಿ. ಮುದ್ದೆಗಿಂತ ದೋಸೆಗೇ ಚೆನ್ನ ಅನ್ನುವವರೂ ಇದ್ದಾರೆ.